ಶಿಶುಪೋಷಣೆಯಲ್ಲಿ ಅನುಭವವೂ ಸಂಶೋಧನೆಯೂ

ಮನುಷ್ಯನಿಗೆ ಪಾಠ ಹೇಳುವ ಗುರುಗಳು ಇಬ್ಬರು. ಒಬ್ಬ ಗುರು ಅನುಭವ. ಇನ್ನೊಬ್ಬ ಗುರು ಸಂಶೋಧನೆ. ಇಬ್ಬರೂ ಒಂದೇ ಮಾತನ್ನು ಹೇಳುವಾಗ ನಮಗೆ ತೊಡಕಿಲ್ಲ. ಬೇರೆ ಬೇರೆ ಮಾತನ್ನು ಹೇಳಿದಾಗ ಯಾರನ್ನು ನಂಬಬೇಕು? ಈ ಪ್ರಶ್ನೆಯು ಮತ್ತೆಲ್ಲಿಗಿಂತಲೂ ತೊಟ್ಟಿಲ ಬಳಿಯಲ್ಲಿ ಕಠಿಣವಾದುದು. ಏಕೆಂದರೆ ಅಲ್ಲಿ ಹಿರಿಯರು ತಪ್ಪಿದರೆ ದಂಡ ತೆರಬೇಕಾದುದು ಮಾತನಾಡಲಾರದ ಶಿಶು.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಕೆಲವು ಪೋಷಕರು ಕೇಳಬಹುದು. ಅದಕ್ಕೆ ನಮ್ಮ ಉತ್ತರವಿದು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲಸಿರುವ ನಮ್ಮ ಕನ್ನಡ ಮನೆಗಳಲ್ಲಿ, ಮಗ್ಗದ ಮನೆಯಾಗಲಿ ಹೊಲದ ಮನೆಯಾಗಲಿ, ಅಜ್ಜಿಯವರು ಬುದ್ಧಿ ಹೇಳುವುದು ಕನ್ನಡದಲ್ಲಿ. ಆಸ್ಪತ್ರೆಯ ದಾದಿಯವರು ಹೇಳುವುದು ತಮಿಳಿನಲ್ಲಿ. ಔಷಧದ ಪೊಟ್ಟಣದ ಮೇಲೆ ಬರೆದಿರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹೀಗಾಗಿ ಅನುಭವವು ನಮಗೆ ತಾಯ್ನುಡಿಯಲ್ಲಿ ದೊರೆಯುತ್ತದೆ, ಸಂಶೋಧನೆಯು ಪರಭಾಷೆಯಲ್ಲಿ ದೊರೆಯುತ್ತದೆ. ತಾಯ್ನುಡಿಯ ಮಾತು ಎದೆಗೆ ಹತ್ತಿರ. ಪರಭಾಷೆಯ ಮಾತು ಎಷ್ಟೇ ಸತ್ಯವಾದರೂ ಹೊಸಿಲ ಹೊರಗೆ ನಿಲ್ಲುತ್ತದೆ. ಅದನ್ನು ಒಳಗೆ ಕರೆದು ಕೂರಿಸುವುದು ಕನ್ನಡ ಶಾಲೆಯ ಕರ್ತವ್ಯಗಳಲ್ಲೊಂದೆಂದು ನಾವು ಭಾವಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಆ ಪೊಟ್ಟಣದ ಬರೆಹವನ್ನು ಓದಿ ಹೇಳುವವರು ನಮ್ಮ ವಿದ್ಯಾರ್ಥಿಗಳೇ ಎಂಬುದನ್ನೂ ಮರೆಯಲಾಗದು.

ಅನುಭವದ ಬೆಲೆ

ಮೊದಲು ಅನುಭವಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಹತ್ತು ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿಯವರ ಕಣ್ಣು ಸೂಕ್ಷ್ಮವಾದುದು. ಮಗುವಿನ ಅಳು ಹಸಿವಿನದೋ ನೋವಿನದೋ ಎಂಬುದನ್ನು ಅವರು ಕೇಳಿದೊಡನೆ ತಿಳಿಯುತ್ತಾರೆ. ಭೇದಿಯಾದ ಮಗುವನ್ನು ಮುಟ್ಟಿ ನೋಡಿ, "ನೆತ್ತಿ ಕುಳಿಬಿದ್ದಿದೆ" ಎನ್ನುತ್ತಾರೆ. ಇದು ಅತ್ಯಂತ ಸರಿಯಾದ ಅವಲೋಕನ. ಮೈಯೊಳಗಿನ ನೀರು ಬತ್ತಿದಾಗ ಶಿಶುವಿನ ನೆತ್ತಿಯ ಮೆದುಭಾಗ ತಗ್ಗುತ್ತದೆಂದು ವೈದ್ಯಶಾಸ್ತ್ರವೂ ಹೇಳುತ್ತದೆ.

ಮತ್ತೊಂದು ಉದಾಹರಣೆ ನಮ್ಮ ಮನೆಗಳ ಒಳಲೆ. ನಮ್ಮ ತಮಿಳು ನೆರೆಯವರು ಇದನ್ನು ಶಂಗು, ಪಾಲಾಡೈ ಎನ್ನುತ್ತಾರೆ. ರಬ್ಬರಿನ ತೊಟ್ಟುಳ್ಳ ಹಾಲಿನ ಸೀಸೆ ಬಂದಾಗ ಒಳಲೆಯನ್ನು ಹಳ್ಳಿಯ ವಸ್ತುವೆಂದು ಅನೇಕರು ಅಟ್ಟಕ್ಕೇರಿಸಿದರು. ಆದರೆ ಕಡಮೆ ತೂಕದಿಂದ ಹುಟ್ಟಿ ಎದೆಗೆ ಬಾಯಿಡಲಾರದ ಶಿಶುವಿಗೆ ಸೀಸೆಯಿಂದಲ್ಲ, ಬಟ್ಟಲು, ಚಮಚ ಅಥವಾ ಒಳಲೆಯಿಂದ ಹಾಲು ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಸಲಹೆ ನೀಡಿತು. ಒಳಲೆಗೆ ಸಂದುಗೊಂದುಗಳಿಲ್ಲ, ತೊಳೆದು ಕುದಿಸುವುದು ಸುಲಭ. ಅಜ್ಜಿಯವರ ಅಟ್ಟದಲ್ಲಿದ್ದುದು ಹೀಗೆ ಶಾಸ್ತ್ರದ ಪುಸ್ತಕಕ್ಕೂ ಏರಿತು.

ಅನುಭವದ ಮಿತಿ

ಹಾಗಾದರೆ ಅನುಭವವೊಂದೇ ಸಾಲದೆ? ಸಾಲದು. ಏಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವಿದ್ಯಾರ್ಥಿಗಳು ಇದನ್ನು ಸ್ಲೇಟಿನ ಮೇಲೆ ಮಾಡಿ ನೋಡಲಿ.

1971ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡವು. ಇದು ಘೋರವಾದ ಸಂಖ್ಯೆ. ಆದರೂ ಬದುಕಿ ಉಳಿದವುಗಳನ್ನು ಎಣಿಸಿದರೆ 871 ಆಗುತ್ತವೆ. ಆ ಕಾಲದ ಯಾವುದೇ ರೂಢಿಯನ್ನು ತೆಗೆದುಕೊಳ್ಳಿ. ಹುಟ್ಟಿದ ಕೂಡಲೆ ಸಕ್ಕರೆ ನೀರು ಕುಡಿಸುವುದಾಗಲಿ, ಜೇನು ನೆಕ್ಕಿಸುವುದಾಗಲಿ, ಕತ್ತೆಯ ಹಾಲು ಹಾಕುವುದಾಗಲಿ, ಆ ರೂಢಿಯಿಂದ ಎಳ್ಳಷ್ಟೂ ಪ್ರಯೋಜನವಿಲ್ಲದಿದ್ದರೂ, ಅಲ್ಪಸ್ವಲ್ಪ ಕೇಡೇ ಇದ್ದರೂ, "ನಾವೂ ಹಾಗೆಯೇ ಬೆಳೆದವರಲ್ಲವೇ?" ಎಂದು ಹೇಳಲು ಸಾವಿರಕ್ಕೆ ಎಂಟುನೂರಕ್ಕೂ ಹೆಚ್ಚು ಸಾಕ್ಷಿಗಳು ಸಿಗುತ್ತಾರೆ. ಉಳಿಯದ 129 ಮಂದಿ ಸಾಕ್ಷಿ ಹೇಳಲು ಬರುವುದಿಲ್ಲ. ಅನುಭವದ ನ್ಯಾಯಸ್ಥಾನದಲ್ಲಿ ಬದುಕಿದವರ ಮಾತು ಮಾತ್ರ ಕೇಳಿಸುತ್ತದೆ. ಇದೇ ಅದರ ಮೊದಲನೆಯ ಕೊರತೆ.

ಎರಡನೆಯ ಕೊರತೆ, ತಾನಾಗಿ ಆಗುವ ಗುಣದ ಕೀರ್ತಿ ಔಷಧಕ್ಕೆ ಸಲ್ಲುವುದು. ಎಳೆಯ ಮಗು ಸಂಜೆಯ ಹೊತ್ತು ಕಾರಣವಿಲ್ಲದೆ ಅಳುವುದು ಎಲ್ಲರಿಗೂ ತಿಳಿದ ವಿಷಯ. ಈ ಅಳು ಮೂರು ನಾಲ್ಕು ತಿಂಗಳು ತುಂಬುವ ವೇಳೆಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಮನೆಯಲ್ಲಿ ಗ್ರೈಪ್ ವಾಟರ್ ಕುಡಿಸಿರುತ್ತಾರೆ. ಇನ್ನೊಂದು ಮನೆಯಲ್ಲಿ ಬಜೆ ತೇಯ್ದು ನೆಕ್ಕಿಸಿರುತ್ತಾರೆ. ಮತ್ತೊಂದು ಮನೆಯಲ್ಲಿ ದೃಷ್ಟಿ ತೆಗೆದಿರುತ್ತಾರೆ. ಮೂರು ಮನೆಗಳಲ್ಲಿಯೂ ಅಳು ನಿಲ್ಲುತ್ತದೆ. ಮೂರು ಮನೆಯವರೂ ತಮ್ಮ ಉಪಾಯವೇ ಫಲಿಸಿತೆಂದು ನಂಬುತ್ತಾರೆ. ಏನನ್ನೂ ಮಾಡದ ನಾಲ್ಕನೆಯ ಮನೆಯಲ್ಲಿಯೂ ಅಳು ನಿಂತಿತೆಂಬುದನ್ನು ಯಾರೂ ಗಮನಿಸುವುದಿಲ್ಲ.

ಮೂರನೆಯ ಕೊರತೆ, ಒಂದು ಮನೆಯ ಲೆಕ್ಕ ಚಿಕ್ಕದು. ಜೇನನ್ನೇ ನೋಡಿರಿ. ಅದರಲ್ಲಿ ಕೆಲವೊಮ್ಮೆ ಒಂದು ಸೂಕ್ಷ್ಮಜೀವಿಯ ಬೀಜಕಣಗಳಿರುತ್ತವೆ. ದೊಡ್ಡವರಿಗೆ ಅವುಗಳಿಂದ ಬಾಧೆಯಿಲ್ಲ. ಎಳೆಯ ಶಿಶುವಿನ ಕರುಳಿನಲ್ಲಾದರೋ ಅವು ಮೊಳೆತು, ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಶಿಶುಗಳಲ್ಲಿ ಈ ರೋಗವನ್ನು ಗುರುತಿಸಿದುದು 1976ರಲ್ಲಿ, ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ. ಇದು ಬಹಳ ಅಪರೂಪದ ರೋಗ. ಅಪರೂಪವಾದುದರಿಂದಲೇ ಒಬ್ಬ ಅಜ್ಜಿಯವರು ನೂರು ವರ್ಷ ಬಾಳಿದರೂ ಅದನ್ನು ಕಾಣದೆ ಹೋಗಬಹುದು. ಲಕ್ಷಾಂತರ ಮಕ್ಕಳನ್ನು ಒಟ್ಟಾಗಿ ಎಣಿಸಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೆಂದು ವೈದ್ಯರು ಹೇಳುವುದು ಈ ಕಾರಣದಿಂದ.

ಸಂಶೋಧನೆಯೆಂದರೇನು?

ಸಂಶೋಧನೆಯೆಂದರೆ ದೊಡ್ಡ ಶಬ್ದವಲ್ಲ. ಹೋಲಿಸಿ ಎಣಿಸುವುದು, ಅಷ್ಟೆ. ಇದರ ಒಂದು ಸೊಗಸಾದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಮೇಟ್ಟುಪಾಳಯದಿಂದ ಬೆಟ್ಟದ ರೈಲನ್ನು ಹತ್ತಿದವರು ಕೂನೂರನ್ನು ನೋಡಿಯೇ ಇರುತ್ತಾರೆ. ಅಲ್ಲಿಯ ಪಾಸ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ, 1918ರಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಯನ್ನು ಕೈಗೊಂಡರು. ಮುಂದೆ ಅವರು ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಪ್ರಾಂತದ ಜನರ ಊಟವನ್ನು ಹಾಕಿ ಸಾಕಿದರು. ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳುಳ್ಳ ಸಿಖ್ಖರ ಊಟವನ್ನು ತಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಅಕ್ಕಿಯೇ ಹೆಚ್ಚಾಗಿ, ಹಾಲು ತರಕಾರಿಗಳು ಕಡಮೆಯಾಗಿದ್ದ ಊಟವನ್ನು ತಿಂದವು ಸೊರಗಿದವು. ಆ ಒಂದು ಕೋಣೆಯ ಕೆಲಸ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ.

ಇಲಿಗಳ ವಿಷಯ ಸುಲಭ; ಮನುಷ್ಯರ ಶಿಶುಗಳ ವಿಷಯ ಅಷ್ಟು ಸುಲಭವಲ್ಲ. ಎದೆಹಾಲು ಕುಡಿದ ಮಕ್ಕಳನ್ನೂ ಸೀಸೆಹಾಲು ಕುಡಿದ ಮಕ್ಕಳನ್ನೂ ಸುಮ್ಮನೆ ಹೋಲಿಸಿದರೆ ಸಾಲದು. ಎರಡು ಮನೆಗಳ ಸಂಪತ್ತು, ಶುಚಿತ್ವ, ತಾಯಿಯ ಆರೋಗ್ಯ ಇವೆಲ್ಲ ಬೇರೆ ಬೇರೆಯಾಗಿರಬಹುದು. ಎದೆಹಾಲು ಕೊಡಬೇಡವೆಂದು ಒಬ್ಬ ತಾಯಿಗೆ ಹೇಳುವುದಂತೂ ಅಧರ್ಮ. ಹಾಗಾದರೆ ಉಪಾಯವೇನು? ಕೆನಡಾ ದೇಶದ ವೈದ್ಯ ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು ಬೆಲಾರುಸ್ ದೇಶದಲ್ಲಿ, 1996-97ರಲ್ಲಿ, ಒಂದು ಯುಕ್ತಿಯನ್ನು ಮಾಡಿದರು. ಅಲ್ಲಿಯ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡದಲ್ಲಿ ತಾಯಂದಿರಿಗೆ ಸ್ತನ್ಯಪಾನದ ವಿಷಯದಲ್ಲಿ ವಿಶೇಷ ನೆರವು ಕೊಡಿಸಿದರು. ಇನ್ನೊಂದರಲ್ಲಿ ಎಂದಿನಂತೆ ನಡೆಯಲು ಬಿಟ್ಟರು. 17,046 ತಾಯಿಮಕ್ಕಳನ್ನು ಒಂದು ವರ್ಷ ಗಮನಿಸಿದರು. ನೆರವು ಪಡೆದ ಪಂಗಡದಲ್ಲಿ ಕರುಳಿನ ಸೋಂಕಿಗೆ ಒಮ್ಮೆಯಾದರೂ ಒಳಗಾದ ಶಿಶುಗಳು ನೂರಕ್ಕೆ 9.1, ಇನ್ನೊಂದರಲ್ಲಿ 13.2. ಉಸಿರಾಟದ ಸೋಂಕಿನಲ್ಲಿ ಮಾತ್ರ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ತನಗೆ ಅನುಕೂಲವಾಗದ ಸಂಖ್ಯೆಯನ್ನೂ ಹೇಳುವುದು ಒಳ್ಳೆಯ ಸಂಶೋಧನೆಯ ಲಕ್ಷಣ.

ಅನುಭವವು ತಿದ್ದಿಕೊಂಡ ಎರಡು ಪಾಠಗಳು

ಮೊದಲನೆಯದು ಮೊದಲ ಹಾಲಿನ ಪಾಠ. ಈದ ಹಸುವಿನ ಗಿಣ್ಣುಹಾಲು ಕರುವಿಗೆ ಸಿಗಲೇಬೇಕೆಂಬುದನ್ನು ನಮ್ಮ ಒಕ್ಕಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಮನೆಗಳಲ್ಲಿ ಬಾಣಂತಿಯ ಮೊದಲ ಹಾಲನ್ನು, ಹಳದಿಯಾಗಿದೆ, ಮಂದವಾಗಿದೆ, ಮಗುವಿಗೆ ಅರಗದು ಎಂದು ಹಿಂಡಿ ಚೆಲ್ಲುವ ರೂಢಿ ಬಹುಕಾಲವಿತ್ತು. ಕರುವಿಗೆ ಅಮೃತವಾದುದು ಕಂದನಿಗೆ ವಿಷವಾಗುವುದೆಂತು? 2006ರಲ್ಲಿ ಪ್ರಕಟವಾದ, ಆಫ್ರಿಕೆಯ ಘಾನಾ ದೇಶದ 10,947 ಶಿಶುಗಳ ಅಧ್ಯಯನದಲ್ಲಿ, ಮೊದಲ ದಿನ ಕಳೆದ ಮೇಲೆ ಎದೆಹಾಲು ಕುಡಿಯತೊಡಗಿದ ಶಿಶುಗಳಿಗೆ ಮೊದಲ ತಿಂಗಳಲ್ಲಿ ಸಾವಿನ ಭಯವು ಎರಡು ಪಟ್ಟಿಗಿಂತಲೂ ಹೆಚ್ಚಾಗಿತ್ತೆಂದು ಕಂಡುಬಂದಿತು. ಆ ಹಳದಿ ಹಾಲಿನಲ್ಲಿ ರೋಗಗಳನ್ನು ತಡೆಯುವ ದ್ರವ್ಯಗಳು ತುಂಬಿವೆ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕೆಂಬುದೇ ಈಗಿನ ನಿಯಮ.

ಎರಡನೆಯದು ಭೇದಿಯ ಪಾಠ. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ನಮ್ಮ ಹಿರಿಯರು ನೀರನ್ನು ತಡೆದರು. ಕಣ್ಣಿಗೆ ಕಂಡುದನ್ನೇ ಅವರು ನಂಬಿದ್ದರು. ಕುಡಿದದ್ದು ಹೊರಗೆ ಹೋಗುತ್ತಿತ್ತು. ಆದರೆ ಮಗುವನ್ನು ಕೊಲ್ಲುವುದು ಹೊರಗೆ ಹೋದುದಲ್ಲ, ಒಳಗೆ ಬತ್ತಿದುದು. ನೀರಿನಲ್ಲಿ ಸಕ್ಕರೆಯೂ ಉಪ್ಪೂ ಹಿತಮಿತವಾಗಿ ಕೂಡಿದರೆ, ಭೇದಿಯ ನಡುವೆಯೂ ಕರುಳು ನೀರನ್ನು ಹೀರಿಕೊಳ್ಳುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಬಂದು ನೆಲಸಿದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ್ರವ ತೀರಿಹೋಯಿತು. ಆಗ ವೈದ್ಯ ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು ಮತ್ತು ಲವಣಗಳ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಗೆ ಲೋಟ ಕೊಟ್ಟು ಕುಡಿಸಿದರು. ಅದಕ್ಕೆ ಮುನ್ನ ನೂರಕ್ಕೆ ಮೂವತ್ತರಷ್ಟಿದ್ದ ಮರಣವು ನೂರಕ್ಕೆ 3.6ಕ್ಕೆ ಇಳಿಯಿತು. ಅಜ್ಜಿಯವರು ಕುಳಿಬಿದ್ದ ನೆತ್ತಿಯನ್ನು ಗುರುತಿಸಿದುದು ಸರಿ. ಆದರೆ ಅದಕ್ಕೆ ಮದ್ದು ನೆತ್ತಿಯ ಮೇಲೆ ಇಡುವ ಹರಳೆಣ್ಣೆಯಲ್ಲ, ಬಾಯಿಗೆ ಹಾಕುವ ಈ ಲವಣದ ನೀರು. ಕಂಡವರು ಅಜ್ಜಿಯವರು, ಕಾರಣವನ್ನು ಹೇಳಿದುದು ಸಂಶೋಧನೆ.

ಪಂಡಿತರೂ ತಪ್ಪಬಲ್ಲರು

ಇಷ್ಟನ್ನು ಓದಿ, ಪುಸ್ತಕದಲ್ಲಿರುವುದೆಲ್ಲ ಸತ್ಯ, ಮನೆಯ ಮಾತೆಲ್ಲ ಸುಳ್ಳು ಎಂದು ವಿದ್ಯಾರ್ಥಿಗಳು ತಿಳಿಯಬಾರದು. ಪ್ರಸಿದ್ಧನಾದ ವೈದ್ಯನ ಅಭಿಪ್ರಾಯವೂ ಎಣಿಸಿ ನೋಡದಿದ್ದರೆ ಅಭಿಪ್ರಾಯ ಮಾತ್ರವೇ. ಅಮೆರಿಕೆಯ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಗ್ರಂಥವು ಕೋಟ್ಯಂತರ ಮನೆಗಳನ್ನು ಸೇರಿತ್ತು. ಮಗುವನ್ನು ಬೋರಲಾಗಿ ಮಲಗಿಸುವುದು ಒಳ್ಳೆಯದು, ಅಂಗಾತ ಮಲಗಿದರೆ ಕಕ್ಕಿದುದು ಉಸಿರುಗಟ್ಟಿಸೀತು ಎಂದು 1956ರ ಆವೃತ್ತಿಯಲ್ಲಿ ಅವರು ಬರೆದರು. ತರ್ಕಕ್ಕೆ ಅದು ಸರಿಯಾಗಿ ತೋರಿತು. ಆದರೆ ಎಣಿಸಿ ನೋಡಿದಾಗ, ಬೋರಲಾಗಿ ಮಲಗಿದ ಶಿಶುಗಳೇ ನಿದ್ದೆಯಲ್ಲಿ ಹೆಚ್ಚಾಗಿ ಸಾಯುತ್ತಿದ್ದವು. 1970ರ ಹೊತ್ತಿಗೆ ದೊರೆತಿದ್ದ ಲೆಕ್ಕಗಳನ್ನು ಆಗಲೇ ಒಟ್ಟುಗೂಡಿಸಿ ನೋಡಿದ್ದರೆ, ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ, ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳ ಕಡೆ ಕನಿಷ್ಠ ಐವತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ಸಾವನ್ನು ತಪ್ಪಿಸಬಹುದಾಗಿತ್ತೆಂದು 2005ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹೇಳಿತು. ತೊಟ್ಟಿಲಲ್ಲಿ ಮಗುವನ್ನು ಅಂಗಾತ ಮಲಗಿಸುತ್ತಿದ್ದ ನಮ್ಮ ಅಜ್ಜಿಯವರು ಈ ವಿಷಯದಲ್ಲಿ ಆ ದೊಡ್ಡ ಗ್ರಂಥಕ್ಕಿಂತ ಸರಿಯಾಗಿದ್ದರು.

ಒಂದೇ ಸಂಶೋಧನೆಯನ್ನು ನೆಚ್ಚಿ ಕೂಡುವುದೂ ತರವಲ್ಲ. ನಮ್ಮ ತಮಿಳುನಾಡಿನ ಗ್ರಾಮಗಳಲ್ಲಿಯೇ 11,619 ನವಜಾತ ಶಿಶುಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹುಟ್ಟಿದ ಕೂಡಲೆ 'ಎ' ಜೀವಸತ್ತ್ವವನ್ನು ಕೊಟ್ಟರೆ ಸಾವು ಐದರಲ್ಲೊಂದು ಪಾಲಿನಷ್ಟು ಕಡಮೆಯಾಗುತ್ತದೆಂದು ತೋರಿಬಂದಿತು. ಆದರೆ ಹರಿಯಾಣ, ಘಾನಾ, ಟಾಂಜಾನಿಯಗಳಲ್ಲಿ ಇನ್ನೂ ದೊಡ್ಡ ಪರೀಕ್ಷೆಗಳು ನಡೆದು 2015ರಲ್ಲಿ ಪ್ರಕಟವಾದಾಗ ಅಂತಹ ಸ್ಪಷ್ಟವಾದ ಲಾಭ ಕಾಣಲಿಲ್ಲ. ಆದುದರಿಂದ ಅದು ಎಲ್ಲ ಶಿಶುಗಳಿಗೂ ಸಲ್ಲುವ ನಿಯಮವಾಗಲಿಲ್ಲ. ಇದನ್ನು ಸಂಶೋಧನೆಯ ಸೋಲೆಂದು ನಾವು ತಿಳಿಯುವುದಿಲ್ಲ. ತನ್ನ ಲೆಕ್ಕವನ್ನು ತಾನೇ ಮರಳಿ ಪರೀಕ್ಷಿಸಿ ತಿದ್ದಿಕೊಳ್ಳುವ ಗುಣವೇ ಅದರ ದೊಡ್ಡತನ.

ಅನುಭವದಿಂದ ಹುಟ್ಟಿ ಸಂಶೋಧನೆಯಿಂದ ಬೆಳೆದ ಜ್ಞಾನವೂ ಉಂಟು. ದಕ್ಷಿಣ ಅಮೆರಿಕೆಯ ಬೊಗೋಟಾ ನಗರದಲ್ಲಿ, 1970ರ ದಶಕದ ಕೊನೆಯಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, ವೈದ್ಯ ಎಡ್ಗರ್ ರೇ ಅವರು ಕಡಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೆ ಚರ್ಮಕ್ಕೆ ಚರ್ಮ ತಗಲುವಂತೆ ಕಟ್ಟಿಸಿದರು. ಮುಂದೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 3,211 ಶಿಶುಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಹುಟ್ಟಿದೊಡನೆ ತಾಯಿಯ ಎದೆಯನ್ನು ಸೇರಿದ ಶಿಶುಗಳಲ್ಲಿ ಮೊದಲ ತಿಂಗಳ ಮರಣ ನೂರಕ್ಕೆ 12. ಸ್ಥಿತಿ ನೆಲೆಗೊಳ್ಳುವವರೆಗೆ ಕಾದವುಗಳಲ್ಲಿ 15.7. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಮನೆಯಲ್ಲಿ ತೀರ್ಮಾನ ಮಾಡುವ ಬಗೆ

ಯಾರಾದರೂ, ಅವರು ನೆರೆಯವರಾಗಲಿ ಪಂಡಿತರಾಗಲಿ, ಮಗುವಿಗೆ ಒಂದು ಉಪಾಯವನ್ನು ಹೇಳಿದಾಗ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕು. ಇದನ್ನು ಎಷ್ಟು ಮಕ್ಕಳಲ್ಲಿ ನೋಡಿದ್ದಾರೆ? ಇದನ್ನು ಮಾಡದ ಮಕ್ಕಳ ಗತಿಯೇನಾಯಿತೆಂದು ಹೋಲಿಸಿದ್ದಾರೆಯೇ? ತಪ್ಪಾದರೆ ಆಗುವ ಕೇಡೆಷ್ಟು? ಹೇಳುವವರಿಗೆ ಇದರಿಂದ ಹಣದ ಲಾಭವುಂಟೇ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಹಾಲಿನ ಪುಡಿಯ ಜಾಹೀರಾತುಗಳು ಸಂಶೋಧನೆಯ ವೇಷವನ್ನು ಹಾಕಿಕೊಂಡು ಬಂದುದುಂಟು. ಶಿಶುಗಳ ಹಾಲಿನ ಪುಡಿ, ಸೀಸೆಗಳ ಜಾಹೀರಾತನ್ನು ನಮ್ಮ ಸರಕಾರವು 1992ರ ಕಾನೂನಿನಿಂದ ನಿಷೇಧಿಸಿದುದು ಆ ಕಾರಣಕ್ಕಾಗಿಯೇ.

ತಪ್ಪಾದರೂ ಕೇಡಿಲ್ಲದ ರೂಢಿಗಳ ಬಗ್ಗೆ ಮನೆಯಲ್ಲಿ ಜಗಳ ಬೇಡ. ಲಾಲಿ ಹಾಡುವುದು, ಹದವಾದ ನೀರಿನಲ್ಲಿ ಮೀಯಿಸುವುದು, ದೃಷ್ಟಿ ತೆಗೆಯುವುದು, ಇವುಗಳಿಂದ ಅಜ್ಜಿಯವರಿಗೂ ಸಂತೋಷ, ಮಗುವಿಗೂ ಹಾನಿಯಿಲ್ಲ. ಆದರೆ ಬಾಯೊಳಗೆ ಹೋಗುವ ವಸ್ತುವಿನ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ನಮ್ಮ ಬೇಸಗೆಯಲ್ಲಿಯೂ ಬೇರೆ ನೀರು ಬೇಕಿಲ್ಲ; ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇದೆ. ಆರು ತಿಂಗಳ ಬಳಿಕ ರಾಗಿಯ ಮಣ್ಣಿ, ಬೇಳೆ ಬೆರೆಸಿದ ಅನ್ನ, ಬೇಯಿಸಿದ ತರಕಾರಿಗಳನ್ನು ಮೊದಲುಮಾಡಿ, ಎರಡು ವರ್ಷದವರೆಗೂ ಅದರಾಚೆಗೂ ಎದೆಹಾಲನ್ನು ಮುಂದುವರಿಸಬೇಕು. ಭೇದಿಯಾದರೆ ಎದೆಹಾಲನ್ನು ನಿಲ್ಲಿಸಬಾರದು, ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧವಾದ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ 14 ದಿನ ಕೊಡಬೇಕು. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಮಂಕಾಗಿ ಬಿದ್ದರೆ, ವೇಗವಾಗಿ ಉಸಿರಾಡಿದರೆ, ಸೆಳೆವು ಬಂದರೆ, ಯಾರ ಉಪಾಯಕ್ಕೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ದೂರವಾಣಿ ಮಾಡುವುದನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು.

ತಾಯಂದಿರ ಕಷ್ಟವನ್ನೂ ಇಲ್ಲಿ ಹೇಳದಿರಲಾಗದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಬೇಗನೆ ಮರಳಬೇಕಾದ ತಾಯಿಗೆ "ಆರು ತಿಂಗಳು ಎದೆಹಾಲು" ಎಂದು ಉಪದೇಶಿಸುವುದು ಸುಲಭ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಾಗಿದೆ. ಕಾನೂನಿಗೆ ಒಳಪಟ್ಟ ಕೆಲಸದಲ್ಲಿರುವವರು ಅದನ್ನು ಕೇಳಿ ಪಡೆಯಬೇಕು. ರಜೆ ದೊರೆಯದವರು ಹಾಲನ್ನು ಹಿಂಡಿ ಶುಚಿಯಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ, ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಮನೆಯವರು ಅದನ್ನು ಒಳಲೆಯಿಂದ ಕುಡಿಸಬಹುದು. ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಹಾಲೂಡಿಸಲಾರದ ತಾಯಿಯನ್ನು ಯಾರೂ ನಿಂದಿಸಬಾರದು. ವೈದ್ಯರ ಸಲಹೆಯಂತೆ ಬೇರೆ ಹಾಲನ್ನು ಶುಚಿಯಾಗಿ ಕೊಡುವುದು ತಪ್ಪಲ್ಲ. ಸಂಶೋಧನೆಯು ಸಾವಿರಾರು ಮಕ್ಕಳ ಲೆಕ್ಕವನ್ನು ಹೇಳುತ್ತದೆ. ಒಂದು ಮಗುವಿನ, ಒಬ್ಬ ತಾಯಿಯ ಸ್ಥಿತಿಯನ್ನು ಅರಿತು ನಡೆಯಲು ಅನುಭವವೂ ದಯೆಯೂ ಬೇಕು.

ತಮಿಳುನಾಡಿನಲ್ಲಿ ಶಿಶುಮರಣವು 2020ರ ವೇಳೆಗೆ ಸಾವಿರಕ್ಕೆ 13ಕ್ಕೆ ಇಳಿದಿದೆ. ಲಸಿಕೆ, ಶುದ್ಧ ನೀರು, ತಾಯಂದಿರ ವಿದ್ಯೆ, ಆಸ್ಪತ್ರೆಯ ಹೆರಿಗೆ ಮೊದಲಾದ ಅನೇಕ ಕಾರಣಗಳು ಕೂಡಿ ಈ ಫಲವನ್ನು ಕೊಟ್ಟಿವೆ. ಅವುಗಳಲ್ಲಿ ಪ್ರತಿಯೊಂದನ್ನೂ ಯಾರೋ ಒಬ್ಬರು ಗಮನಿಸಿದರು, ಇನ್ನಾರೋ ಎಣಿಸಿದರು, ಮತ್ತಾರೋ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರು. ಈ ಮೂರನೆಯ ಕೆಲಸ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಬಂದಿದೆ. ಅವರು ಅಜ್ಜಿಯವರ ಮುಂದೆ ಕುಳಿತು, ಅವರನ್ನು ಅಲ್ಲಗಳೆಯದೆ, ಪೊಟ್ಟಣದ ಬರೆಹವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ.

ಅಭ್ಯಾಸ

1. 1000 ಶಿಶುಗಳಲ್ಲಿ 129 ಸತ್ತಾಗ ನೂರಕ್ಕೆ ಎಷ್ಟು ಶಿಶುಗಳು ಬದುಕಿದಂತಾಯಿತು? ಸಾವಿರಕ್ಕೆ 13 ಸತ್ತಾಗ ಎಷ್ಟು?

2. "ನಾವೂ ಹಾಗೆಯೇ ಬೆಳೆದೆವು" ಎಂಬ ಮಾತಿನಲ್ಲಿ ಯಾರ ಸಾಕ್ಷ್ಯವು ಬಿಟ್ಟುಹೋಗಿದೆ?

3. ನಿಮ್ಮ ಮನೆಯಲ್ಲಿ ಶಿಶುವಿಗೆ ಮಾಡುವ ಮೂರು ರೂಢಿಗಳನ್ನು ಹಿರಿಯರಿಂದ ಕೇಳಿ ಬರೆಯಿರಿ. ತಪ್ಪಾದರೆ ಕೇಡಿಲ್ಲದವು ಯಾವುವು, ಕೇಡುಂಟಾಗಬಹುದಾದವು ಯಾವುವು ಎಂದು ವಿಂಗಡಿಸಿರಿ.

4. ಓ.ಆರ್.ಎಸ್. ಪೊಟ್ಟಣವೊಂದರ ಮೇಲಿನ ಸೂಚನೆಯನ್ನು ಓದಿ, ಅದನ್ನು ನಿಮ್ಮ ಅಜ್ಜಿಯವರಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ.